ದೊಡ್ಡಣ್ಣನ ಜೊತೆ ಬ್ಲ್ಯಾಕ್ ಪ್ರೈಡ್‌ಗೆ

ಶುಕ್ರವಾರ

ಫಿಲಡೆಲ್ಫಿಯಾದಿಂದ ವಾಷಿಂಗ್ಟನ್ನಿಗೆ ರೈಲಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ. ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ ರಜೆ. ಅಮೆರಿಕದವರಿಗೆ ಬೇಸಿಗೆ ಶುರುವಾಗುವುದೇ ಆ ವಾರಾಂತ್ಯದಿಂದ. ರೈಲು ಕಿಕ್ಕಿರಿದಿತ್ತು. ಕೆಲವರು ನೆಂಟರ ಮನೆಗೆ, ಕೆಲವರು ಸಮುದ್ರದ ಕಡೆಗೆ. ನಾವು ಹೊರಟಿದ್ದು ಕಪ್ಪು ಜನಾಂಗದ ಗೇ, ಲೆಸ್ಬಿಯನ್ ಜನ ವಾಷಿಂಗ್ಟನ್ನಿನಲ್ಲಿ ವರ್ಷಕ್ಕೊಮ್ಮೆ ಸೇರುವ ಹಬ್ಬಕ್ಕೆ, ಅಂದರೆ ಡಿಸಿ ಬ್ಲ್ಯಾಕ್ ಪ್ರೈಡ್‌ಗೆ.

ನಾವು ಅಂದರೆ ನಾನು ಮತ್ತು ನಮ್ಮ ಕೆಳಗಿನ ಮನೆಯ ಹಿರಿಯರು. ಅವರಿಗೆ ಅರವತ್ತು ದಾಟಿದೆ. ಅಂಚೆ ಕೆಲಸದಲ್ಲಿದ್ದು ರಿಟೈರ್ ಆದವರು. ಹುಟ್ಟಿ ಬೆಳೆದದ್ದು ವಾಷಿಂಗ್ಟನ್ನಿನ ಪೆಟ್‌ವರ್ತ್ ಬಡಾವಣೆಯಲ್ಲಿ. ಹೆಸರು ಬರೆಯಬೇಡ ಅಂದಿದ್ದಾರೆ. ಅದಕ್ಕೆ ದೊಡ್ಡಣ್ಣ ಅಂತ ಬರೆಯುತ್ತೇನೆ. ನಾನು ಬಳ್ಳಾರಿ ಕಡೆಯವನು, ಗೇ, ಈ ದೇಶಕ್ಕೆ ಬಂದು ಬಹಳ ವರ್ಷವಾಯಿತು. ನಾನು ಹೋಗಿದ್ದು ಏನೋ ಅಧ್ಯಯನ ಮಾಡಲಿಕ್ಕಲ್ಲ. ದೊಡ್ಡಣ್ಣನಿಗೆ ಮಂಡಿ ನೋವು, ಚೀಲ ಹೊರಲು ಒಬ್ಬರು ಬೇಕಿತ್ತು, ಅಷ್ಟೇ.

ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ದೊಡ್ಡಣ್ಣ ಹೊರಗೆ ಹೋಗುವ ಬದಲು ಒಂದು ಪ್ರತಿಮೆಯ ಮುಂದೆ ನಿಂತರು. ಎ. ಫಿಲಿಪ್ ರ‍್ಯಾಂಡಾಲ್ಫ್ ಅವರದು. ರೈಲಿನ ಮಲಗುವ ಡಬ್ಬಿಗಳಲ್ಲಿ ದುಡಿಯುತ್ತಿದ್ದ ಕಪ್ಪು ಪೋರ್ಟರ್‌ಗಳ ಸಂಘ ಕಟ್ಟಿದವರು ಇವರು. 1963ರ ಆಗಸ್ಟ್ 28ರಂದು ಇದೇ ಊರಿನಲ್ಲಿ ಕಪ್ಪು ಜನರ ಹಕ್ಕಿಗಾಗಿ ಸುಮಾರು ಎರಡೂವರೆ ಲಕ್ಷ ಜನ ಸೇರಿದ ಆ ದೊಡ್ಡ ಮೆರವಣಿಗೆಗೆ ಇವರೇ ನಾಯಕರು. ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಎಲ್ಲರಿಗೂ ಗೊತ್ತು. ಆ ಜನರನ್ನು ಕರೆಸಿ, ಬಸ್ಸು ಹೊಂದಿಸಿ, ಶೌಚಾಲಯ, ಮೈಕು, ನೀರು, ಊಟ ಎಲ್ಲ ನೋಡಿಕೊಂಡವರು ಬೇಯರ್ಡ್ ರಸ್ಟಿನ್. ರ‍್ಯಾಂಡಾಲ್ಫ್ ಅವರ ಬಲಗೈ. ಗೇ. ಅದನ್ನು ಮುಚ್ಚಿಡದ ಮನುಷ್ಯ.

ಅದಕ್ಕೆ ಬೆಲೆಯನ್ನೂ ತೆತ್ತರು. 1953ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಇನ್ನಿಬ್ಬರು ಗಂಡಸರ ಜೊತೆ ಸಿಕ್ಕಿಬಿದ್ದು ಜೈಲಿಗೆ ಹೋಗಿದ್ದರು. ಹತ್ತು ವರ್ಷದ ಮೇಲೆ, ಮೆರವಣಿಗೆಗೆ ಇನ್ನೇನು ಎರಡು ವಾರ ಇದೆ ಅನ್ನುವಾಗ, ಸ್ಟ್ರಾಮ್ ಥರ್ಮಂಡ್ ಎಂಬ ಸೆನೆಟರ್ ಆ ಹಳೇ ಕೇಸನ್ನು ಸೆನೆಟ್ಟಿನಲ್ಲಿ ಎತ್ತಿ ಆಡಿದ. ರ‍್ಯಾಂಡಾಲ್ಫ್ ಕದಲಲಿಲ್ಲ, ರಸ್ಟಿನ್ ಅವರನ್ನು ಬಿಟ್ಟುಕೊಡಲಿಲ್ಲ. "ಅದಕ್ಕೇ ಇವರಿಗೆ ಮೊದಲ ನಮಸ್ಕಾರ" ಅಂದರು ದೊಡ್ಡಣ್ಣ. ರಸ್ಟಿನ್ 1948ರಲ್ಲಿ ನಮ್ಮ ದೇಶಕ್ಕೆ ಬಂದಿದ್ದರು, ಗಾಂಧಿಯ ಜೊತೆಗಿದ್ದವರಿಂದ ಸತ್ಯಾಗ್ರಹ ಕಲಿಯಲು. ಗಾಂಧಿ ಆಗಲೇ ಇರಲಿಲ್ಲ. 2013ರಲ್ಲಿ ಅಮೆರಿಕ ಸರ್ಕಾರ ರಸ್ಟಿನ್‌ಗೆ ತನ್ನ ಅತಿ ದೊಡ್ಡ ನಾಗರಿಕ ಪದಕ ಕೊಟ್ಟಿತು. 2020ರಲ್ಲಿ ಕ್ಯಾಲಿಫೋರ್ನಿಯಾ ಆ ಹಳೇ ಶಿಕ್ಷೆಗೆ ಕ್ಷಮೆ ಕೊಟ್ಟಿತು. ಅವರು ತೀರಿಕೊಂಡಿದ್ದು 1987ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ.

1963ರ ಆ ಮೆರವಣಿಗೆಯ ದಿನಕ್ಕೆ ನ್ಯೂಯಾರ್ಕಿನ ಒಂದು ಚರ್ಚಿನಲ್ಲಿ ಎಂಬತ್ತು ಸಾವಿರ ಚೀಸ್ ಸ್ಯಾಂಡ್‌ವಿಚ್ ಕಟ್ಟಿ ಕಳಿಸಿದ್ದರಂತೆ. ನನಗೆ ಭಾಷಣಕ್ಕಿಂತ ಇದೇ ಜಾಸ್ತಿ ನೆನಪಿನಲ್ಲಿ ಉಳಿಯುತ್ತದೆ.

ಹೋಟೆಲ್ ತಲುಪಿದಾಗ ಸಂಜೆ. ಬ್ಲ್ಯಾಕ್ ಪ್ರೈಡ್ ಬಹುಪಾಲು ಒಂದು ಹೋಟೆಲಿನೊಳಗೇ ನಡೆಯುತ್ತದೆ. ಗೋಷ್ಠಿ, ಅಂಗಡಿ, ಕವಿತೆ, ಪ್ರಾರ್ಥನೆ ಎಲ್ಲ ಅಲ್ಲೇ. ಕ್ಲಬ್ಬುಗಳ ಪಾರ್ಟಿ ಊರ ತುಂಬ. ಪ್ರೈಡ್ ಅಂದರೆ ಬಾವುಟ, ಟ್ರಕ್ಕು, ಮೆರವಣಿಗೆ ಅಂದುಕೊಂಡು ಬಂದರೆ ಇಲ್ಲಿ ಅದೊಂದೂ ಕಾಣಲಿಲ್ಲ. ಲಾಬಿಯ ತುಂಬ ಜನ ತಬ್ಬಿಕೊಳ್ಳುತ್ತಾ ನಿಂತಿದ್ದರು. ಲಿಫ್ಟಿನ ತನಕ ಹೋಗಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಅಟ್ಲಾಂಟಾದವರು, ಡೆಟ್ರಾಯಿಟ್‌ನವರು, ಬಾಲ್ಟಿಮೋರಿನವರು, ಎಲ್ಲರಿಗೂ ದೊಡ್ಡಣ್ಣ ಗೊತ್ತು. ನಾನು ಚೀಲ ಹಿಡಿದುಕೊಂಡು ಹಿಂದೆ.

ಬ್ಯಾಡ್ಜ್ ಕೊಡುವ ಮೇಜಿನ ಹೆಂಗಸು ನನ್ನನ್ನು ಮೇಲೆ ಕೆಳಗೆ ನೋಡಿ, "ಇವನು ಯಾರ ಪೈಕಿ?" ಅಂದರು. "ನನ್ನ ಪೈಕಿ" ಅಂದರು ದೊಡ್ಡಣ್ಣ. ಅಲ್ಲಿಗೆ ವಿಚಾರಣೆ ಮುಗಿಯಿತು. ಐದು ನಿಮಿಷದಲ್ಲಿ ನಾನು ಕುರ್ಚಿ ಜೋಡಿಸುತ್ತಿದ್ದೆ.

ಆ ಕುರ್ಚಿಗಳು ರಾತ್ರಿಯ ಕವಿತೆಗೆ. ಯಾರು ಬೇಕಾದರೂ ಹೆಸರು ಕೊಟ್ಟು ಓದಬಹುದು. ಇಷ್ಟವಾದರೆ ಚಪ್ಪಾಳೆ ಇಲ್ಲ, ಬೆರಳಲ್ಲಿ ಚಿಟಿಕೆ. ಇಪ್ಪತ್ತು ದಾಟಿರದ ಹುಡುಗನೊಬ್ಬ ಚಿಕ್ಕಪ್ಪನ ಸಾವಿನ ಮೇಲೆ ಬರೆದದ್ದನ್ನು ಓದಿದ. ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಹಂಚಿದ ಕಾಗದದಲ್ಲಿ ಚಿಕ್ಕಪ್ಪ ಹೋದ ಶಾಲೆ, ಮಾಡಿದ ಕೆಲಸ, ಹಾಡುತ್ತಿದ್ದ ಭಜನೆ ತಂಡ ಎಲ್ಲ ಇತ್ತಂತೆ. ಹತ್ತೊಂಬತ್ತು ವರ್ಷ ಜೊತೆಗಿದ್ದ ಗಂಡಸಿನ ಹೆಸರು ಮಾತ್ರ 'ಗೆಳೆಯರು' ಎನ್ನುವ ಸಾಲಿನಲ್ಲಿ, ಅದೂ ತಪ್ಪು ಸ್ಪೆಲ್ಲಿಂಗಿನಲ್ಲಿ. ಹಾಲಿನ ತುಂಬ ಚಿಟಿಕೆ. ವಯಸ್ಸಾದವರು ಯಾರೂ ಚಿಟಿಕೆ ಹೊಡೆಯಲಿಲ್ಲ, ಸುಮ್ನೆ ಕೂತಿದ್ದರು.

ಆಮೇಲೆ ದೊಡ್ಡಣ್ಣ ಎಸೆಕ್ಸ್ ಹೆಂಫಿಲ್ ಬಗ್ಗೆ ಹೇಳಿದರು. ಈ ಊರಿನಲ್ಲೇ ಬೆಳೆದ ಕಪ್ಪು ಗೇ ಕವಿ. 1980ರ ದಶಕದ ಮೊದಲಲ್ಲಿ ಐ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಎನಿಕ್ ಆ್ಯಲಿ ಕಾಫಿಹೌಸ್ ಅಂತ ಇತ್ತು. ಕಪ್ಪು ಗೇ ಗಂಡಸರೂ ಲೆಸ್ಬಿಯನ್ ಹೆಂಗಸರೂ ಒಟ್ಟಿಗೆ ಕೂತು ಕವಿತೆ ಓದುತ್ತಿದ್ದ ಜಾಗ. ಹೆಂಫಿಲ್ ಅಲ್ಲಿ ಓದುವುದನ್ನು ಇವರು ಕೇಳಿದ್ದಾರೆ. "ಬಡಕಲು ಹುಡುಗ. ಬಾಯಿ ತೆರೆದರೆ ಮಾತ್ರ ರೂಮು ಚಿಕ್ಕದಾಗುತ್ತಿತ್ತು" ಅಂದರು. 1995ರ ನವೆಂಬರಿನಲ್ಲಿ ಹೆಂಫಿಲ್ ಏಡ್ಸ್‌ನಿಂದ ತೀರಿಕೊಂಡರು. ನಲವತ್ತೂ ಆಗಿರಲಿಲ್ಲ.

ಶನಿವಾರ

ಬೆಳಗ್ಗೆ ಎಂಟಕ್ಕೇ ದೊಡ್ಡಣ್ಣ ಬಾಗಿಲು ತಟ್ಟಿದರು. ಗೋಷ್ಠಿ ಮಧ್ಯಾಹ್ನ, ಅದಕ್ಕೆ ಮುಂಚೆ ಹಳೇ ಊರು ತೋರಿಸುತ್ತೇನೆ ಅಂತ. ಗ್ರೀನ್ ಲೈನ್ ಮೆಟ್ರೋ ಹಿಡಿದು ಪೆಟ್‌ವರ್ತ್‌ನಲ್ಲಿ ಇಳಿದು, ಅಪ್‌ಷರ್ ಸ್ಟ್ರೀಟಿನ 1296ನೇ ನಂಬರಿನ ಎದುರು ನಿಂತೆವು. ನೋಡಲು ಏನೂ ಇಲ್ಲ. ಆದರೆ ಬ್ಲ್ಯಾಕ್ ಪ್ರೈಡ್ ಎಂಬ ಕಥೆ ಶುರುವಾಗುವುದು ಇಲ್ಲಿಂದಲೇ.

ಅದಕ್ಕೂ ಹಿಂದಿನದನ್ನು ಸ್ವಲ್ಪ ಹೇಳಬೇಕು. ಎಪ್ಪತ್ತರ ದಶಕದಲ್ಲಿ ವಾಷಿಂಗ್ಟನ್ನಿನಲ್ಲಿ ಗೇ ಬಾರುಗಳಿಗೇನೂ ಕಡಿಮೆ ಇರಲಿಲ್ಲ. ಬಿಳಿಯರಿಗೆ ಬಾಗಿಲು ತೆರೆದೇ ಇರುತ್ತಿತ್ತು. ಕಪ್ಪು ಗಂಡಸು ಬಂದರೆ ಗುರುತಿನ ಚೀಟಿ ಕೇಳುವರು. ಒಂದು ತೋರಿಸಿದರೆ ಎರಡು, ಎರಡು ತೋರಿಸಿದರೆ ಮೂರು. ಫೋಟೋ ಇರಬೇಕು, ವಿಳಾಸ ಹೊಂದಬೇಕು. ಇದಕ್ಕೆ 'ಕಾರ್ಡಿಂಗ್' ಅಂತ ಹೆಸರೇ ಇತ್ತು. 1971ರಲ್ಲಿ ಲಾಸ್ಟ್ ಆ್ಯಂಡ್ ಫೌಂಡ್ ಎಂಬ ಹೊಸ ಡಿಸ್ಕೋ ಮುಂದೆ ಇದೇ ಕಾರಣಕ್ಕೆ ಪ್ರತಿಭಟನೆ ನಡೆದಿತ್ತು. ದೊಡ್ಡಣ್ಣ ತಾವು ವಾಪಸು ಬಂದ ಬಾರಿನ ಹೆಸರು ಹೇಳಿದರು, ನಾನು ಬರೆಯುವುದಿಲ್ಲ. "ಅಂಚೆ ಕಚೇರಿಯ ಕಾರ್ಡು ತೋರಿಸಿದೆ ಮರಿ. ಸರ್ಕಾರ ನನ್ನ ಕೈಗೆ ಜನರ ಚೆಕ್ಕು ಕೊಡುತ್ತೆ, ಇವನು ಬಿಯರ್ ಕೊಡಲ್ಲ."

ಆ ಹೊತ್ತಿಗೆ 1975ರಲ್ಲಿ ಇಲ್ಲಿ ಕ್ಲಬ್‌ಹೌಸ್ ತೆರೆಯಿತು. ಕಪ್ಪು ಗೇ, ಲೆಸ್ಬಿಯನ್ ಜನ ತಾವೇ ಕಟ್ಟಿ ನಡೆಸಿದ ಕುಣಿತದ ಮನೆ. ಸದಸ್ಯತ್ವ ಇರಬೇಕು, ಇಲ್ಲವೇ ಸದಸ್ಯರ ಜೊತೆ ಬರಬೇಕು. ರಾತ್ರಿ ಶುರುವಾದರೆ ಬೆಳಗಿನ ತನಕ ಹಾಡು, ಕುಣಿತ. ಪ್ರತಿವರ್ಷ ಮೆಮೋರಿಯಲ್ ಡೇ ವಾರಾಂತ್ಯಕ್ಕೆ 'ಚಿಲ್ಡ್ರನ್ಸ್ ಅವರ್' ಎಂಬ ದೊಡ್ಡ ಪಾರ್ಟಿ. ಮಕ್ಕಳಿಗೂ ಅದಕ್ಕೂ ಸಂಬಂಧವಿಲ್ಲ. ಆ ವಲಯದವರು ತಮ್ಮನ್ನು ತಾವು 'ಚಿಲ್ಡ್ರನ್' ಅಂತ ಕರೆದುಕೊಳ್ಳುತ್ತಿದ್ದರು. ದೇಶದ ಮೂಲೆಮೂಲೆಯಿಂದ ಜನ ಬರುತ್ತಿದ್ದರು. ವಿಮಾನ ಟಿಕೆಟ್ಟಿಗೆ ವರ್ಷವಿಡೀ ದುಡ್ಡು ಕೂಡಿಡುತ್ತಿದ್ದವರನ್ನು ತಾನು ನೋಡಿದ್ದೇನೆ ಅಂದರು ದೊಡ್ಡಣ್ಣ.

ಆಮೇಲೆ ಕಾಯಿಲೆ ಬಂತು. ಡ್ಯಾನ್ಸ್ ಫ್ಲೋರಿನಲ್ಲಿ ಇವತ್ತು ಇದ್ದವನು ಮುಂದಿನ ತಿಂಗಳು ಇಲ್ಲ. ಕ್ಲಬ್‌ಹೌಸ್ ಕಟ್ಟಿದವರಲ್ಲಿ ಒಬ್ಬರಾದ ರೇನಿ ಚೀಕ್ಸ್ 1985ರಲ್ಲಿ ಅಲ್ಲೇ ಒಂದು ಗುಂಪು ಶುರುಮಾಡಿದರು. 'ಅಸ್ ಹೆಲ್ಪಿಂಗ್ ಅಸ್' ಅಂತ ಹೆಸರು. ಎಚ್‌ಐವಿ ಇದ್ದ ಕಪ್ಪು ಗೇ ಗಂಡಸರು ಸೇರಿ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಗುಂಪು. ಆಗ ಒಳ್ಳೆಯ ಔಷಧಿ ಇರಲಿಲ್ಲ. ಊಟ, ಧ್ಯಾನ, ಮಾತು, ಅಡುಗೆ ತಂದುಕೊಡುವುದು, ಇಷ್ಟೇ ಕೈಯಲ್ಲಿದ್ದದ್ದು. 1990ರಲ್ಲಿ ಕ್ಲಬ್‌ಹೌಸ್ ಮುಚ್ಚಿತು. ಮೆಮೋರಿಯಲ್ ಡೇ ವಾರಾಂತ್ಯ ಖಾಲಿ ಉಳಿಯಿತು. ಆ ಖಾಲಿ ವಾರಾಂತ್ಯವನ್ನು ಹಾಳಾಗಲು ಬಿಡಬಾರದು ಅಂತ ವೆಲ್ಮೋರ್ ಕುಕ್, ಥಿಯೋಡರ್ ಕರ್ಕ್‌ಲ್ಯಾಂಡ್, ಅರ್ನೆಸ್ಟ್ ಹಾಪ್‌ಕಿನ್ಸ್ ಎಂಬ ಮೂವರು 1991ರ ಮೇ 25ರಂದು ಮೈದಾನದಲ್ಲಿ ಒಂದು ದಿನದ ಹಬ್ಬ ಮಾಡಿದರು. ಏಡ್ಸ್ ಕೆಲಸಕ್ಕೆ ದುಡ್ಡು ಎತ್ತುವುದೇ ಉದ್ದೇಶ. ಸುಮಾರು 800 ಜನ ಬಂದರು.

ಅಲ್ಲಿಂದ ದಕ್ಷಿಣಕ್ಕೆ ಜಾರ್ಜಿಯಾ ಅವೆನ್ಯೂ ಹಿಡಿದು ನಡೆದೆವು. 3636ನೇ ನಂಬರಿನಲ್ಲಿ ಅಸ್ ಹೆಲ್ಪಿಂಗ್ ಅಸ್ ಕಟ್ಟಡ. ಅಪ್‌ಷರ್ ಸ್ಟ್ರೀಟಿನಲ್ಲಿ ಕೂತು ಮಾತಾಡುತ್ತಿದ್ದ ಗುಂಪು ಈಗ ಸ್ವಂತ ಬೋರ್ಡು ಹಾಕಿಕೊಂಡು ನಿಂತಿದೆ. ರಾನ್ ಸಿಮ್ಮನ್ಸ್ ಎನ್ನುವವರು ಎರಡು ದಶಕಕ್ಕೂ ಹೆಚ್ಚು ಕಾಲ ಅದನ್ನು ನಡೆಸಿದರು. ಅವರು 2020ರಲ್ಲಿ ತೀರಿಕೊಂಡರು. ದೊಡ್ಡಣ್ಣ ಬಾಗಿಲ ಹತ್ತಿರ ಹೋಗಿ ಗೋಡೆ ಮುಟ್ಟಿ ಬಂದರು. "ನನ್ನ ಜೊತೆ ಕೆಲಸಕ್ಕಿದ್ದವನೊಬ್ಬ ಇವರು ತಂದುಕೊಟ್ಟ ಗಂಜಿಯಲ್ಲಿ ಎರಡು ವರ್ಷ ಜಾಸ್ತಿ ಬದುಕಿದ" ಅಂದರು. ಗಂಜಿ ಅಂತ ಬರೆದದ್ದು ನಾನು, ಅವರು ಹೇಳಿದ್ದು ಗ್ರಿಟ್ಸ್.

ಕೆನ್ಯನ್ ಸ್ಟ್ರೀಟಿನ ಮೂಲೆಯಲ್ಲಿ ಈಗ ವಂಡರ್‌ಲ್ಯಾಂಡ್ ಬಾಲ್‌ರೂಮ್ ಎಂಬ ಬಾರಿದೆ. ಹೊರಗೆ ಬೆಂಚು, ಬಿಯರು, ನಾಯಿ ಹಿಡಿದುಕೊಂಡ ಯುವಕರು. 2004ರ ತನಕ ಇದೇ ಜಾಗದಲ್ಲಿ ನಾಬ್ ಹಿಲ್ ಇತ್ತು. ಐವತ್ತರ ದಶಕದಿಂದ ನಡೆದ, ದೇಶದ ಅತಿ ಹಳೆಯ ಕಪ್ಪು ಗೇ ಬಾರುಗಳಲ್ಲಿ ಒಂದು. ವಾಷಿಂಗ್ಟನ್ನಿನಲ್ಲಿ 1970ರಲ್ಲಿ ನೂರಕ್ಕೆ ಎಪ್ಪತ್ತೊಂದು ಜನ ಕಪ್ಪು ಜನಾಂಗದವರಿದ್ದರು. 2011ರ ಹೊತ್ತಿಗೆ ಅರ್ಧಕ್ಕಿಂತ ಕಡಿಮೆಯಾದರು. ಬಾಡಿಗೆ ಏರಿತು, ಜನ ಊರಾಚೆ ಮೇರಿಲ್ಯಾಂಡಿಗೆ ಹೋದರು, ಬಾರುಗಳೂ ಹೋದವು. ದೊಡ್ಡಣ್ಣ ಫಿಲಡೆಲ್ಫಿಯಾಕ್ಕೆ ಬಂದದ್ದೂ ಹೀಗೇ. ವರ್ಷಕ್ಕೊಮ್ಮೆ ಹೋಟೆಲ್ ಬಾಡಿಗೆಗೆ ಹಿಡಿದು ಸೇರುವುದು ಯಾಕೆ ಅಂತ ಇಲ್ಲಿ ನಡೆದಾಗ ನನಗೆ ಅರ್ಥವಾಯಿತು. ಸೇರುತ್ತಿದ್ದ ಜಾಗಗಳೆಲ್ಲ ಬೇರೆಯವರ ಕೈ ಸೇರಿವೆ.

ಹೋವರ್ಡ್ ವಿಶ್ವವಿದ್ಯಾಲಯದ ಎದುರಿಗೆ ಬ್ಯಾನೆಕರ್ ಮೈದಾನ. 1991ರ ಹಬ್ಬ ನಡೆದದ್ದು ಇಲ್ಲೇ. ಮಕ್ಕಳು ಆಡುತ್ತಿದ್ದರು. ಅವತ್ತು ಜನ ಕಾರುಗಳಲ್ಲೇ ಕೂತು ಒಂದಷ್ಟು ಹೊತ್ತು ನೋಡುತ್ತಿದ್ದರಂತೆ. ಅಕ್ಕಪಕ್ಕದ ಮನೆಯವರು, ಚರ್ಚಿನವರು, ಅಮ್ಮನ ಗೆಳತಿಯರು ಓಡಾಡುವ ಬೀದಿ ಅದು. ಗೇ ಬಾರಿರುವ ಡ್ಯುಪಾಂಟ್ ಸರ್ಕಲ್ಲಿನಲ್ಲಿ ಯಾರ ಕೈ ಹಿಡಿದರೂ ಮನೆಗೆ ಸುದ್ದಿ ಹೋಗುವುದಿಲ್ಲ. ಇಲ್ಲಿ ಹೋಗುತ್ತದೆ. ದೊಡ್ಡಣ್ಣನಿಗೆ ಕಾರಿನಿಂದ ಇಳಿಯಲು ಅರ್ಧ ಗಂಟೆ ಬೇಕಾಯಿತಂತೆ. ಇಳಿದ ಮೇಲೆ ಮೊದಲು ಕಂಡದ್ದು ಅಂಚೆ ಕಚೇರಿಯ ಮೇಲಧಿಕಾರಿ, ಕೋಳಿ ಕಾಲು ತಿನ್ನುತ್ತಾ.

ಅದೇ ಜಾರ್ಜಿಯಾ ಅವೆನ್ಯೂದಲ್ಲಿ ಹರಾಂಬೀ ಹೌಸ್ ಎಂಬ ಹೋಟೆಲ್ ಇತ್ತು. 1979ರ ಅಕ್ಟೋಬರಿನಲ್ಲಿ ಅಲ್ಲಿ ಬಿಳಿಯರಲ್ಲದ ಲೆಸ್ಬಿಯನ್ ಮತ್ತು ಗೇ ಜನರ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಕರೆದದ್ದು ಕಪ್ಪು ಗೇ ಸಂಘಟನೆ, ಆದರೆ ಬಂದವರಲ್ಲಿ ಲ್ಯಾಟಿನೋಗಳು, ಮೂಲನಿವಾಸಿಗಳು, ಏಷ್ಯಾದವರು ಎಲ್ಲ ಇದ್ದರು. ಮುಖ್ಯ ಭಾಷಣ ಕವಿ ಆಡ್ರೆ ಲಾರ್ಡ್ ಅವರದು. ಸಮ್ಮೇಳನದಿಂದ ಹೊರಟು ಕಪ್ಪು ಜನರ ಬೀದಿಗಳಲ್ಲಿ, ಚೈನಾಟೌನಿನಲ್ಲಿ ಹಾದು ಅವರು ಆ ವರ್ಷದ ಮೊದಲ ರಾಷ್ಟ್ರೀಯ ಗೇ ಹಕ್ಕುಗಳ ಮೆರವಣಿಗೆಗೆ ಹೋಗಿ ಸೇರಿದರು. ಅಮೆರಿಕದಲ್ಲಿ ಏಷ್ಯಾದ ಗೇ ಜನ ಹೀಗೆ ಗುಂಪಾಗಿ ಬೀದಿಗಿಳಿದದ್ದರ ಬೇರು ಈ ಸಮ್ಮೇಳನದಲ್ಲಿದೆ. ನಮ್ಮ ದೇಸಿ ಗುಂಪುಗಳಲ್ಲಿ ಮೊದಲನೆಯದಾದ ತ್ರಿಕೋನ್ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು 1986ರಲ್ಲಿ. ಕಪ್ಪು ಜನ ಹಾಕಿಕೊಟ್ಟ ಚಾಪೆಯ ಮೇಲೆ ನಾವು ಆಮೇಲೆ ಬಂದು ಕೂತವರು. ಇದನ್ನು ನಮ್ಮವರು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಹಸಿವಾಗಿತ್ತು. ಯು ಸ್ಟ್ರೀಟಿನ ಬೆನ್ಸ್ ಚಿಲಿ ಬೌಲ್‌ನಲ್ಲಿ ಸಾಲು ಉದ್ದ ಇತ್ತು. 1958ರಿಂದ ಇರುವ ಅಂಗಡಿ. 1968ರಲ್ಲಿ ಕಿಂಗ್ ಕೊಲೆಯಾಗಿ ಬೀದಿ ಹೊತ್ತಿ ಉರಿದಾಗಲೂ ಇದು ಬಾಗಿಲು ಹಾಕಲಿಲ್ಲ. ಕಟ್ಟಿದ ಬೆನ್ ಅಲಿ ಟ್ರಿನಿಡಾಡಿನಲ್ಲಿ ಹುಟ್ಟಿದವರು, ಭಾರತೀಯ ಮೂಲದ ಮುಸ್ಲಿಂ ಮನೆತನ. ದೊಡ್ಡಣ್ಣ ಹಾಫ್‌ಸ್ಮೋಕ್ ಎಂಬ ದಪ್ಪ ಸಾಸೇಜ್ ತಿಂದರು. ನಾನು ತರಕಾರಿ ಚಿಲಿ. ಖಾರ ಸಾಲದು.

ಮಧ್ಯಾಹ್ನದ ಗೋಷ್ಠಿಗಳಲ್ಲಿ ಒಂದು ಮಾತ್ರ ಹೇಳುತ್ತೇನೆ. 2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಒಂದು ಅಂದಾಜು ಹೇಳಿತ್ತು. ಸೋಂಕು ಆಗಿನ ವೇಗದಲ್ಲೇ ಹೋದರೆ ಕಪ್ಪು ಗೇ, ಬೈಸೆಕ್ಷುಯಲ್ ಗಂಡಸರಲ್ಲಿ ಇಬ್ಬರಿಗೆ ಒಬ್ಬರಂತೆ ಜೀವಮಾನದಲ್ಲಿ ಎಚ್‌ಐವಿ ತಗಲುತ್ತದೆ ಅಂತ. ಸೋಂಕು ತಡೆಯುವ ಪ್ರೆಪ್ ಮಾತ್ರೆಗೆ ಅದಕ್ಕೆ ನಾಲ್ಕು ವರ್ಷ ಮೊದಲೇ ಒಪ್ಪಿಗೆ ಸಿಕ್ಕಿತ್ತು. ಮಾತ್ರೆ ಇದ್ದೂ ಹೀಗೇಕೆ? ವಿಮೆ ಇಲ್ಲ, ಹತ್ತಿರ ಆಸ್ಪತ್ರೆ ಇಲ್ಲ, ಡಾಕ್ಟರ್ ಕೇಳುವ ರೀತಿ ಸರಿ ಇಲ್ಲ. ನಡುವಯಸ್ಸಿನ ನರ್ಸ್ ಒಬ್ಬರು ಎದ್ದು, "ನಮ್ಮ ಹುಡುಗರು ಹೆಚ್ಚು ಅಜಾಗರೂಕರು ಅನ್ನೋದನ್ನ ಬಿಡಿ. ಅವರು ಮಲಗುವುದು ತಮ್ಮದೇ ಚಿಕ್ಕ ವಲಯದೊಳಗೆ. ಅಲ್ಲಿ ಸೋಂಕು ಮೊದಲೇ ಜಾಸ್ತಿ ಇದ್ದರೆ ಒಬ್ಬ ಜೊತೆಗಾರನಿದ್ದವನಿಗೂ ಬರುತ್ತೆ" ಅಂದರು. ಇಷ್ಟು ಸರಳವಾಗಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಪುಕ್ಕಟೆ ರಕ್ತಪರೀಕ್ಷೆ. ಅದರ ಪಕ್ಕದಲ್ಲೇ ಮೈಗೆ ಹಚ್ಚುವ ಶಿಯಾ ಬೆಣ್ಣೆ ಮಾರುವವರು. ಎರಡೂ ಕಡೆ ಸಾಲು.

ರಾತ್ರಿ ಬಾಲ್. ದೊಡ್ಡಣ್ಣ ಬರಲಿಲ್ಲ, ಮಂಡಿ ಕೈಕೊಟ್ಟಿತ್ತು. ಅವರ ಗೆಳೆಯರ ಮಗನಂಥ ಹುಡುಗನೊಬ್ಬ ನನ್ನನ್ನು ಕರೆದುಕೊಂಡು ಹೋದ. ಬಾಲ್ ಅಂದರೆ ಸ್ಪರ್ಧೆ. ಉದ್ದನೆ ರನ್‌ವೇ, ಕೊನೆಗೆ ತೀರ್ಪುಗಾರರ ಮೇಜು, ಮೈಕ್ ಹಿಡಿದು ತಾಳಕ್ಕೆ ಸರಿಯಾಗಿ ಮಾತು ಹೊಸೆಯುವ ನಿರೂಪಕ. ಬೇರೆ ಬೇರೆ ವಿಭಾಗಗಳು: ಮುಖ, ನಡಿಗೆ, ಉಡುಪು, ಮಾಡೆಲ್ಲುಗಳ ಭಂಗಿಯಿಂದ ಹುಟ್ಟಿದ ವೋಗ್ ಕುಣಿತ. 'ರಿಯಲ್‌ನೆಸ್' ಅಂತ ಒಂದಿದೆ. ಬೀದಿಯಲ್ಲಿ ಯಾರೂ ಪತ್ತೆಹಚ್ಚದ ಹಾಗೆ ಆಫೀಸಿನ ಸಾಹೇಬನೋ, ಶಾಲೆ ಹುಡುಗನೋ ಆಗಿ ನಡೆದು ತೋರಿಸಬೇಕು. ಬದುಕಿ ಉಳಿಯಲು ಕಲಿತ ವಿದ್ಯೆಗೆ ಇಲ್ಲಿ ಬಹುಮಾನ. ಎಲ್ಲ ತೀರ್ಪುಗಾರರೂ ಹತ್ತು ತೋರಿಸಿದರೆ ಮುಂದಿನ ಸುತ್ತು. ಒಬ್ಬರು 'ಚಾಪ್' ಅಂದರೆ ಮನೆಗೆ.

ಸ್ಪರ್ಧಿಗಳು 'ಹೌಸ್'ಗಳಿಗೆ ಸೇರಿದವರು. ಪ್ರತಿ ಹೌಸಿಗೂ ಒಬ್ಬ ಅಮ್ಮ, ಒಬ್ಬ ಅಪ್ಪ. ಹುಡುಗರು ಹೌಸಿನ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಳ್ಳುತ್ತಾರೆ. ಬಿಳಿಯರ ಸೌಂದರ್ಯ ಸ್ಪರ್ಧೆಗಳಲ್ಲಿ ಆಗುತ್ತಿದ್ದ ಅನ್ಯಾಯ ಸಾಕಾಗಿ ನ್ಯೂಯಾರ್ಕಿನ ಕ್ರಿಸ್ಟಲ್ ಲಬೇಜಾ 1972ರಲ್ಲಿ ಮೊದಲ ಹೌಸ್ ಕಟ್ಟಿದರು. ನನ್ನ ಪಕ್ಕ ಕೂತಿದ್ದ ಹೌಸ್ ಅಮ್ಮ ಗೆದ್ದ ಮಗನನ್ನು ತಬ್ಬಿಕೊಳ್ಳುವ ಮೊದಲು ಕೇಳಿದ್ದು, "ಸೋಮವಾರ ಕೆಲಸದ ಇಂಟರ್‌ವ್ಯೂ ಇದೆ, ನೆನಪಿದೆಯಾ?" ಅಂತ. ಮನೆಯಿಂದ ಹೊರಬಿದ್ದವರನ್ನು ಮಕ್ಕಳು ಅಂತ ಸೇರಿಸಿಕೊಳ್ಳುವ ಜೋಗತಿಯರನ್ನು ನಮ್ಮ ಕಡೆ ನೋಡುತ್ತಾ ಬೆಳೆದವನು ನಾನು. ಆ ಪ್ರಶ್ನೆಯ ದನಿ ನನಗೆ ಗೊತ್ತಿತ್ತು. ಆದರೆ ಇಲ್ಲಿ ದೇವರಿಲ್ಲ, ಹರಕೆ ಇಲ್ಲ. ಬಾಡಿಗೆ, ಊಟ, ಇಂಟರ್‌ವ್ಯೂ.

ಇದಕ್ಕೆ ಇನ್ನೂ ಹಳೆಯ ಬೇರು ಈ ಊರಿನಲ್ಲೇ ಇದೆ. ಗುಲಾಮನಾಗಿ ಹುಟ್ಟಿದ ವಿಲಿಯಂ ಡಾರ್ಸಿ ಸ್ವಾನ್ 1880ರ ದಶಕದಲ್ಲಿ ವಾಷಿಂಗ್ಟನ್ನಿನಲ್ಲಿ ರೇಷ್ಮೆ ಗೌನು ತೊಟ್ಟು ಗುಟ್ಟಾಗಿ ಡ್ರ್ಯಾಗ್ ಕೂಟ (ಗಂಡಸರು ಹೆಂಗಸರ ಉಡುಪು ತೊಟ್ಟು ಸೇರುವ ಕೂಟ) ನಡೆಸುತ್ತಿದ್ದರು. ಬರುತ್ತಿದ್ದವರು ಸಾರೋಟು ಓಡಿಸುವವರು, ಅಡುಗೆಯವರು, ದೊಡ್ಡವರ ಮನೆಯ ಆಳುಗಳು. 1888ರ ಏಪ್ರಿಲ್ 12ರ ರಾತ್ರಿ ಪೊಲೀಸರು ನುಗ್ಗಿದಾಗ ಸ್ವಾನ್ ಓಡಲಿಲ್ಲ, ಎದುರು ನಿಂತರು. 1896ರಲ್ಲಿ ಹತ್ತು ತಿಂಗಳು ಜೈಲಾದಾಗ ನೇರ ಅಧ್ಯಕ್ಷ ಕ್ಲೀವ್‌ಲ್ಯಾಂಡ್‌ಗೆ ಕ್ಷಮಾದಾನದ ಅರ್ಜಿ ಹಾಕಿದರು. ಸಿಗಲಿಲ್ಲ. ಅರ್ಜಿ ಹಾಕುವ ಆ ಎದೆಗಾರಿಕೆ ನೋಡಿ.

ಭಾನುವಾರ

ಬಾಲ್ ಮುಗಿದಾಗ ನಾಲ್ಕಾಗಿತ್ತು. ಹತ್ತಕ್ಕೆ ಪ್ರಾರ್ಥನೆ. ಅಲ್ಲಿ ನೋಡಿದರೆ ರಾತ್ರಿ ವೋಗ್ ಮಾಡಿದ ಹುಡುಗರೇ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ!

ನಾನು ದೇವರ ಕಡೆ ಹೆಚ್ಚು ಹೋಗುವವನಲ್ಲ. ಗೇ ಹಬ್ಬದಲ್ಲಿ ಚರ್ಚು ಯಾಕೆ ಅಂತ ದೊಡ್ಡಣ್ಣನನ್ನು ಹಿಂದೆಯೇ ಕೇಳಿದ್ದೆ. "ಚರ್ಚಿನ ವೃಂದಗಾನ ಕಟ್ಟಿದ್ದೇ ನಾವು. ನಮ್ಮ ಹಾಡು ಬೇಕು, ನಾವು ಬೇಡ ಅಂದರೆ?" ಅಂದಿದ್ದರು. ಹೊರದಬ್ಬಿಸಿಕೊಂಡವರು ತಮ್ಮದೇ ಚರ್ಚು ಕಟ್ಟಿಕೊಂಡರು. ಲಾಸ್ ಏಂಜಲಿಸ್‌ನಲ್ಲಿ ಕಾರ್ಲ್ ಬೀನ್ 1982ರಲ್ಲಿ ಯೂನಿಟಿ ಫೆಲೋಶಿಪ್ ಶುರುಮಾಡಿದರು. ಕ್ಲಬ್‌ಹೌಸಿನ ರೇನಿ ಚೀಕ್ಸ್ ಇಲ್ಲೇ 1993ರಲ್ಲಿ ಇನ್ನರ್ ಲೈಟ್ ಮಿನಿಸ್ಟ್ರೀಸ್ ಕಟ್ಟಿ, ಮುಂದೆ ಬಿಷಪ್ ಆದರು. ಕುಣಿತದ ಮನೆ ನಡೆಸಿದವರು, ರೋಗಿಗಳ ಗುಂಪು ಕಟ್ಟಿದವರು, ಬಿಷಪ್ ಆದವರು ಒಬ್ಬರೇ. ಈ ಸಮುದಾಯದಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಪಾದ್ರಿ ತೀರಿಕೊಂಡವರ ಹೆಸರು ಕೂಗಿ ಅಂದರು. ಜನ ಕೂತಲ್ಲಿಂದಲೇ ಕೂಗತೊಡಗಿದರು. ಮೊದಲು ಒಂದೊಂದಾಗಿ, ಆಮೇಲೆ ಎಲ್ಲ ಒಟ್ಟಿಗೆ. ದೊಡ್ಡಣ್ಣ ನಿಲ್ಲಿಸಲೇ ಇಲ್ಲ. ಅವರಿಗೆ ಇಷ್ಟೊಂದು ಹೆಸರು ಗೊತ್ತು ಅಂತ ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಲಾಬಿಯಲ್ಲಿ ಒಂದು ಜಗಳ ನಡೆಯಿತು, ಒಳ್ಳೆ ಜಗಳ. ಕ್ಲಬ್ಬಿನ ಪಾರ್ಟಿಗಳ ಟಿಕೆಟ್ಟು ದುಬಾರಿ, ದುಡ್ಡೆಲ್ಲ ಪಾರ್ಟಿ ನಡೆಸುವವರ ಜೇಬಿಗೆ ಹೋಗುತ್ತದೆ, ಏಡ್ಸ್ ಕೆಲಸಕ್ಕೆ ಹುಟ್ಟಿದ ಹಬ್ಬ ಈಗ ಕುಡಿತಕ್ಕೆ ನೆಪವಾಗಿದೆ ಅಂತ ಹಿರಿಯರ ದೂರು. ಕುಣಿತದ ಮನೆಯಿಂದಲೇ ತಾನೆ ನಿಮ್ಮ ಹಬ್ಬ ಹುಟ್ಟಿದ್ದು ಅಂತ ಹುಡುಗರ ಜವಾಬು. ಲೆಸ್ಬಿಯನ್ ಹೆಂಗಸೊಬ್ಬರು ನಡುವೆ ಬಂದು, ಇಬ್ಬರೂ ಸೇರಿ ನಮ್ಮ ಕಾರ್ಯಕ್ರಮಕ್ಕೆ ಚಿಕ್ಕ ಹಾಲು ಕೊಟ್ಟಿದ್ದೀರಿ, ಅದಕ್ಕೆ ಯಾರು ಹೊಣೆ ಅಂದರು. ಅಲ್ಲಿಗೆ ಗಂಡಸರೆಲ್ಲ ಗಪ್‌ಚುಪ್. ನನ್ನ ಮಟ್ಟಿಗೆ ಆ ಹೆಂಗಸಿನ ಮಾತೇ ಸರಿ. ಮಿಕ್ಕದ್ದರಲ್ಲಿ ಹುಡುಗರ ಕಡೆ ನಾನು.

ನನ್ನನ್ನು ಬಾಲ್‌ಗೆ ಕರೆದೊಯ್ದ ಹುಡುಗ ಆಮೇಲೆ ಕಾಫಿಗೆ ಕೂತಾಗ ನೇರವಾಗಿ ಕೇಳಿದ: "ನಿಮ್ಮ ಇಂಡಿಯನ್ ಗೇ ಪಾರ್ಟಿಗಳಿಗೆ ನಮ್ಮಂಥವರು ಬರುತ್ತಾರಾ?" ಬರುತ್ತಾರೆ, ಕಡಿಮೆ ಅಂದೆ. ಯಾಕೆ ಅಂತ ಕೇಳಿದ. ಇದ್ದದ್ದು ಹೇಳಿದೆ. ಡೇಟಿಂಗ್ ಆ್ಯಪಿನಲ್ಲಿ 'ಇಂಡಿಯನ್ಸ್ ಬೇಡ' ಅಂತ ಬಿಳಿಯ ಬರೆದರೆ ನಮ್ಮವರಿಗೆ ರಕ್ತ ಕುದಿಯುತ್ತದೆ. ಅದೇ ನಮ್ಮವರು ತಮ್ಮೊಳಗೇ 'ಬಣ್ಣ ಸ್ವಲ್ಪ ಕಡಿಮೆ' ಅಂತ ಹುಡುಗರನ್ನು ಅಳೆಯುತ್ತಾರೆ. ಬಿಳಿ ಬಾಯ್‌ಫ್ರೆಂಡನ್ನು ಊರಿನ ವಿಡಿಯೋ ಕಾಲಿನಲ್ಲಿ ತೋರಿಸಿಯಾರು, ಕಪ್ಪು ಬಾಯ್‌ಫ್ರೆಂಡನ್ನು ರೂಮ್‌ಮೇಟ್ ಅನ್ನುತ್ತಾರೆ. ಅಪ್ಪ ಅಮ್ಮ ಮಗ ಗೇ ಅಂತ ಒಪ್ಪಿಕೊಂಡ ಮನೆಗಳಲ್ಲೂ ಇದೇ ಪಾಡು. ಹುಡುಗ ನಕ್ಕ. "ಗೊತ್ತಿತ್ತು. ಯಾರಾದರೂ ಬಾಯಿಬಿಟ್ಟು ಹೇಳ್ತಾರಾ ಅಂತ ನೋಡಿದೆ" ಅಂದ. ನನ್ನ ಕಾಫಿಯ ದುಡ್ಡನ್ನು ಅವನೇ ಕೊಟ್ಟ.

ಸಂಜೆ ಮೆರಿಡಿಯನ್ ಹಿಲ್ ಪಾರ್ಕು. ಕಪ್ಪು ಜನ ಅದನ್ನು ಮಾಲ್ಕಂ ಎಕ್ಸ್ ಪಾರ್ಕ್ ಅನ್ನುತ್ತಾರೆ. ಅರವತ್ತರ ದಶಕದಿಂದಲೂ ಭಾನುವಾರ ಅಲ್ಲಿ ಡೋಲು ಬಾರಿಸುವವರು ಸೇರುತ್ತಾರೆ. ಬ್ಲ್ಯಾಕ್ ಪ್ರೈಡ್ ಬ್ಯಾಡ್ಜಿನವರೂ ಮಕ್ಕಳಿದ್ದ ಸಂಸಾರಗಳೂ ಒಂದೇ ಹುಲ್ಲಿನ ಮೇಲೆ. ಸೆಕೆ ಬೇರೆ. ಯಾರೋ ಕಲ್ಲಂಗಡಿ ಹೋಳು ಕೊಟ್ಟರು. ಬೇಗ ಬಂದು ಮಲಗಿದೆವು.

ಸೋಮವಾರ

ರೈಲು ಮಧ್ಯಾಹ್ನ ಇತ್ತು. ಬೆಳಗ್ಗೆ ಕಾಂಗ್ರೆಷನಲ್ ಸ್ಮಶಾನಕ್ಕೆ ಹೋದೆವು. ಮೆಮೋರಿಯಲ್ ಡೇ ಸತ್ತ ಸೈನಿಕರ ದಿನ. ವಿಯೆಟ್ನಾಂ ಯುದ್ಧದಲ್ಲಿ ಪದಕ ಪಡೆದು, ಗೇ ಅಂತ ಹೇಳಿಕೊಂಡದ್ದಕ್ಕೆ ವಾಯುಪಡೆಯಿಂದ ಹೊರಬಿದ್ದ ಲೆನರ್ಡ್ ಮ್ಯಾಟ್ಲೊವಿಚ್ ಅವರ ಸಮಾಧಿ ಇಲ್ಲಿದೆ, ಬಹಳ ಜನ ಅದನ್ನು ನೋಡಲು ಬರುತ್ತಾರೆ. ಅವರು ಬಿಳಿಯರು. ನಾವು ಬಂದದ್ದು ಅಲೈನ್ ಲಾಕ್ ಅವರಿಗೆ.

ಲಾಕ್ ಹೋವರ್ಡ್‌ನಲ್ಲಿ ತತ್ತ್ವಶಾಸ್ತ್ರದ ಪ್ರೊಫೆಸರ್. 1907ರಲ್ಲಿ, ಆಕ್ಸ್‌ಫರ್ಡಿನಲ್ಲಿ ಓದಲು ಕೊಡುವ ರೋಡ್ಸ್ ಸ್ಕಾಲರ್‌ಶಿಪ್ ಪಡೆದ ಮೊದಲ ಕಪ್ಪು ಅಮೆರಿಕನ್. 1925ರಲ್ಲಿ ಕಪ್ಪು ಬರಹಗಾರರ ಸಂಕಲನವೊಂದನ್ನು ತಂದು, ಕಪ್ಪು ಜನರ ಸಾಹಿತ್ಯ, ಕಲೆ ಅರಳಿದ ಹಾರ್ಲೆಮ್ ಪುನರುಜ್ಜೀವನಕ್ಕೆ ದಾರಿ ಮಾಡಿದರು. ಗೇ. ಆಪ್ತರಿಗೆ ಗೊತ್ತಿದ್ದ, ಹೊರಗೆ ಯಾರೂ ಆ ಮಾತಾಡದ ಬದುಕು. 1954ರಲ್ಲಿ ತೀರಿಕೊಂಡರು. ಮಕ್ಕಳಿಲ್ಲ. ಚಿತಾಭಸ್ಮ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಕೊನೆಗೆ ಹೋವರ್ಡ್ ವಿಶ್ವವಿದ್ಯಾಲಯದ ಕಪಾಟು ಸೇರಿತು. 2014ರಲ್ಲಿ, ಅರವತ್ತು ವರ್ಷದ ಮೇಲೆ, ಅವರ ನಂತರ ರೋಡ್ಸ್ ಸ್ಕಾಲರ್‌ಗಳಾದ ಕಪ್ಪು ಜನ ದುಡ್ಡು ಹಾಕಿ ಇಲ್ಲಿ ಮಣ್ಣು ಮಾಡಿಸಿದರು.

"ನನಗೆ ಅಷ್ಟು ಹೊತ್ತು ಕಾಯಿಸಬೇಡ" ಅಂದರು ದೊಡ್ಡಣ್ಣ. ಅಸ್ ಹೆಲ್ಪಿಂಗ್ ಅಸ್‌ಗೆ ಎಷ್ಟು ಹೋಗಬೇಕು, ತಂಗಿಯ ಮಗಳಿಗೆ ಏನು ಕೊಡಬೇಕು, ಚರ್ಚಿನಲ್ಲಿ ಹಂಚುವ ಕಾಗದದಲ್ಲಿ ಯಾರ ಹೆಸರು ಯಾವ ಸಾಲಿನಲ್ಲಿ ಬರಬೇಕು, ಎಲ್ಲ ಬರೆದು ವಕೀಲರ ಹತ್ತಿರ ಕೊಟ್ಟಿದ್ದಾರಂತೆ. ರೈಲಿನಲ್ಲಿ ಅದರ ಒಂದು ಪ್ರತಿ ನನಗೂ ಇಮೇಲ್ ಮಾಡಿದರು. ಅರ್ಧ ಸ್ಪೆಲ್ಲಿಂಗ್ ತಪ್ಪು, ತಿದ್ದಿ ಕಳಿಸು ಅಂದರು. ವಿಲ್ಮಿಂಗ್ಟನ್ ಬರುವಷ್ಟರಲ್ಲಿ ತಿದ್ದಿ ಮುಗಿಸಿದೆ.

ಹೋಗಬೇಕು ಅನ್ನುವವರಿಗೆ ಒಂದಿಷ್ಟು ಮಾತು. ಮೆಮೋರಿಯಲ್ ಡೇ ವಾರಾಂತ್ಯಕ್ಕೆ ವಾಷಿಂಗ್ಟನ್ನಿನಲ್ಲಿ ರೂಮು ಸಿಗುವುದು ಕಷ್ಟ, ಚಳಿಗಾಲದಲ್ಲೇ ಹಿಡಿಯಿರಿ. ಅಟ್ಲಾಂಟಾದ್ದು ಸೆಪ್ಟೆಂಬರಿನ ಲೇಬರ್ ಡೇ ವಾರಾಂತ್ಯದಲ್ಲಿ. ಬ್ರಿಟನ್ನಿನಲ್ಲಿ ಇರುವವರಿಗೆ ಲಂಡನ್ನಿನಲ್ಲಿ ಯುಕೆ ಬ್ಲ್ಯಾಕ್ ಪ್ರೈಡ್ ಇದೆ, ಏಷ್ಯಾ ಮೂಲದವರನ್ನೂ ಅದು ತನ್ನವರು ಅಂತಲೇ ಕರೆಯುತ್ತದೆ. ಫೋಟೋ ತೆಗೆಯುವ ಮೊದಲು ಕೇಳಿ, ಎಲ್ಲರೂ ಮನೆಯಲ್ಲಿ ಹೇಳಿ ಬಂದಿರುವುದಿಲ್ಲ. ಬಾಲ್‌ಗೆ ಬೇಗ ಹೋದರೆ ಕುರ್ಚಿ ಸಿಗುತ್ತದೆ, ಆದರೆ ಹೇಳಿದ ಹೊತ್ತಿಗೆ ಅದು ಶುರುವಾಗುವುದಿಲ್ಲ. ಯಾರ ಪೈಕಿ ಅಂತ ಬಾಗಿಲಲ್ಲಿ ಕೇಳಿದರೆ ಗಾಬರಿಯಾಗಬೇಡಿ, ಕುರ್ಚಿ ಜೋಡಿಸಲು ಜನ ಬೇಕಾಗಿರುತ್ತದೆ.